ಸೀಟಿನ ಕೆಳಗಿನ ವಿಮರ್ಶೆ

ಬುಧವಾರ ಬೆಳಗಿನ ಐದೂ ಹತ್ತು. ಗಡಿಯಾಚೆಗಿನ ಹೊಸೂರು ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಟಾಕೀಸಿನ ಬಾಲ್ಕನಿಯಲ್ಲಿ ಎರಡೇ ಎರಡು ಟ್ಯೂಬ್‌ಲೈಟು ಉರಿಯುತ್ತಿವೆ. ಈ ಹೊತ್ತಿನಲ್ಲಿ ಫ್ಯಾನು ಹಾಕಲು ಅನುಮತಿಯಿಲ್ಲ. ನಿನ್ನೆಯ ಬೆವರು, ಬೀಡಿ, ಹುರಿದ ಕಡಲೆಕಾಯಿ ಎಲ್ಲದರ ವಾಸನೆ ಇನ್ನೂ ಒಳಗೇ ಇದೆ. ಸಾಕಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಹಳೆಯ ಟವೆಲ್ ಸುತ್ತಿ, ಕೊನೆಯ ಸಾಲಿನಿಂದ ಕೆಲಸ ಶುರು ಮಾಡಿದ್ದಾರೆ. ಬಲಗೈಯಲ್ಲಿ ಮೊಂಡು ಪೊರಕೆ, ಎಡಗೈಯಲ್ಲಿ ತಗಡಿನ ಮೊರ. ಒಂದೊಂದು ಸೀಟನ್ನೂ ಮೊಣಕೈಯಿಂದ ಮೇಲೆತ್ತಿ, ಬಗ್ಗಿ, ಒಂದು ಗಳಿಗೆ ತಡೆದು, ಆಮೇಲೆ ಪೊರಕೆ ಎಳೆಯುತ್ತಾರೆ. ಆ ಒಂದು ಗಳಿಗೆಯ ಸಲುವಾಗಿಯೇ ನಾನು ಇಷ್ಟು ಹೊತ್ತಿಗೆ ಎದ್ದು ಇಲ್ಲಿಗೆ ಬಂದಿದ್ದೇನೆ.

"ಯಾರ್ ಕಡೆಯೋರು ನೀವು?" ಇದು ಅವರ ಮೊದಲ ಪ್ರಶ್ನೆ. ಪತ್ರಿಕೆಯವನು ಎನ್ನುತ್ತೇನೆ. "ಪೇಪರ್ನೋರಿಗೆ ಕಸದ್ ತಾವ ಏನು ಕೆಲ್ಸ? ಮ್ಯಾನೇಜರ್ ಕಳ್ಸಿದ್ರಾ?" ಗುರುತಿನ ಚೀಟಿ ತೋರಿಸುತ್ತೇನೆ. ತಿರುಗಿಸಿ ಮುರುಗಿಸಿ ನೋಡುತ್ತಾರೆ. ಮನೆಮಾತು ಕನ್ನಡ, ಆದರೆ ಉದ್ದನಪಲ್ಲಿಯ ಶಾಲೆಯಲ್ಲಿ ಓದಿದ ಮೂರು ಕ್ಲಾಸೂ ತಮಿಳು. ಕನ್ನಡದ ಅಕ್ಷರ ಅವರಿಗೆ ಬಾರದು. ಫೋಟೋವನ್ನೂ ನನ್ನ ಮುಖವನ್ನೂ ಎರಡೆರಡು ಸಲ ಹೋಲಿಸಿ, "ಇದ್ರಾಗೆ ಮೀಸೆ ಐತೆ, ನಿಮ್ಗಿಲ್ಲ" ಎಂದು ಕಾರ್ಡು ವಾಪಸು ಕೊಡುತ್ತಾರೆ. ಒಂದು ಸಾಲು ಹಿಂದೆಯೇ ಇರಬೇಕು, ನೆಲದ ಮೇಲಿನದನ್ನು ಮುಟ್ಟಬಾರದು ಎಂಬ ಕರಾರಿನ ಮೇಲೆ ನನ್ನನ್ನು ನಿಲ್ಲಗೊಡುತ್ತಾರೆ.

ಅವರ ಅನುಮಾನವನ್ನು ತಪ್ಪು ಎನ್ನಲಾರೆ. ನಾನೂ ಅನುಮಾನ ಇಟ್ಟುಕೊಂಡೇ ಬಂದವನು. ನಮ್ಮ ಕಚೇರಿಗೆ ಮೂಕಂಡಪಲ್ಲಿಯ ಓದುಗರೊಬ್ಬರು ಬರೆದ ಕಾಗದ ನನ್ನ ಜೇಬಿನಲ್ಲಿದೆ: 'ನಮ್ಮ ಏರಿಯಾದಲ್ಲಿ ಮೊಬೈಲ್‌ನಲ್ಲಿ ಸಿನಿಮಾ ವಿಮರ್ಶೆ ಮಾಡುವ ಮೂವರು ಟಾಕೀಸಿನವರಿಗೆ ಮಾರಿಕೊಂಡಿದ್ದಾರೆ. ಅವರ ಮಾತು ನಂಬಿ ಹೆಂಡತಿ ಮಕ್ಕಳ ಸಮೇತ ಹೋಗಿ ಮೋಸಹೋದೆ. ದಯವಿಟ್ಟು ತನಿಖೆ ಮಾಡಿ.' ಒಂದು ಸಣ್ಣ ಮೋಸವನ್ನು ಬಯಲಿಗೆಳೆಯೋಣ ಎಂದು ಹೊರಟೆ. ಈ ಅಂಕಣಕ್ಕೆ ಬರೆಯುವ ಯೋಚನೆ ಖಂಡಿತ ಇರಲಿಲ್ಲ.

ಮೂವರ ಹೆಸರು ವೆಂಕಿ, ತಿಮ್ಮರಾಜು, ಕೋಮಲಾ. ಮೂವರೂ ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಬಂದವರು. ಮಾಲೂರಿನ ವೆಂಕಿ ಲೇತ್ ಮೇಲೆ ನಿಲ್ಲುತ್ತಾನೆ, ಮಾಗಡಿಯ ತಿಮ್ಮರಾಜು ಪೇಂಟ್ ಶಾಪಿನಲ್ಲಿದ್ದಾನೆ, ಬಂಗಾರಪೇಟೆಯ ಕೋಮಲಾ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಕಳೆದ ವರ್ಷ, 2008ರ ಯುಗಾದಿಯಿಂದ, ಇವರು ಪ್ರತಿ ಶನಿವಾರ 'ಇಂಟರ್ವಲ್ ಮಾತು' ಎಂಬ ಪಾಡ್‌ಕಾಸ್ಟ್ ನಡೆಸುತ್ತಿದ್ದಾರೆ. ಅದು ರೇಡಿಯೋ ಇಲ್ಲದ ರೇಡಿಯೋ ಕಾರ್ಯಕ್ರಮ. ಹೊಸೂರಿಗೆ ಬಂದ ಹೊಸ ಸಿನಿಮಾ ಬಗ್ಗೆ ಇಪ್ಪತ್ತು ನಿಮಿಷ ಹರಟಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ, ಕೋಮಲಾ ಅದನ್ನು ಇಂಟರ್ನೆಟ್ಟಿಗೆ ಹಾಕುತ್ತಾಳೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಕೇಳುವವರು ಇಲ್ಲಿ ಹತ್ತು ಜನ ಸಿಕ್ಕರೆ ಹೆಚ್ಚು. ಮಿಕ್ಕವರಿಗೆಲ್ಲ ಬ್ಲೂಟೂತೇ ಗತಿ. ಸಂಜೆ ಶಿಫ್ಟು ಬಿಡುವಾಗ ಕಾರ್ಖಾನೆಯ ಗೇಟಿನಲ್ಲಿ ಒಬ್ಬನ ಮೊಬೈಲಿನಿಂದ ಇನ್ನೊಬ್ಬನ ಮೊಬೈಲಿಗೆ ದಾಟಿ, ರಾಯಕೋಟೆಯ ಬಸ್ಸು ಹತ್ತಿ, ಭಾನುವಾರ ಬೆಳಗಾಗುವಷ್ಟರಲ್ಲಿ ಅಂಚೆಟ್ಟಿಯವರೆಗೂ ಹೋಗುತ್ತದೆ.

"ಜನ ನಂಬೋದಕ್ಕೆ ಕಾರಣ ಏನು?" ಎಂದು ವೆಂಕಿಯನ್ನು ಕೇಳಿದ್ದೆ. "ನಾವು ಹೇಳಿದ್ದು ನಿಜ ಆಯ್ತದೆ ಸಾರ್" ಎಂದ. ಪತ್ರಿಕೆಯವರು ಹೊಗಳಿದ್ದು ಮೂರೇ ದಿನಕ್ಕೆ ಎತ್ತಂಗಡಿಯಾಗುತ್ತದೆ, ಇವರು ಹೋಗಿ ಎಂದದ್ದು ಮೂರು ವಾರ ಓಡುತ್ತದೆ. ಆಗಲೇ ನನ್ನ ಕಿವಿ ನೆಟ್ಟಗಾಯಿತು. ಮೂವರದೂ ಪಾಳಿಯ ಕೆಲಸ, ಶುಕ್ರವಾರ ಬಿಡುಗಡೆ, ಶನಿವಾರ ರೆಕಾರ್ಡಿಂಗು. ನೋಡುವುದು ಯಾವಾಗ? ಈ ಪ್ರಶ್ನೆಗೆ ವೆಂಕಿ ತಿಮ್ಮರಾಜುವಿನ ಮುಖ ನೋಡಿದ, ತಿಮ್ಮರಾಜು ಗೋಡೆ ನೋಡಿದ. ಕೊನೆಗೆ ಕೋಮಲಾ ಬಾಯಿಬಿಟ್ಟಳು: "ಅರ್ಧಕ್ಕರ್ಧ ಸಿನಿಮಾ ನಾವು ನೋಡಿರೋದೇ ಇಲ್ಲ ಸಾರ್. ನಮ್ಗೆ ಹೇಳೋರು ಬೇರೆ ಅವ್ರೆ."

ಟಾಕೀಸಿನ ದುಡ್ಡು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಕೋಮಲಾ ನನ್ನನ್ನು ಕರೆದುಕೊಂಡು ಹೋದದ್ದು ಮಾತ್ರ ಅವಳ ವಠಾರದ ಪಕ್ಕದ ಮನೆಗೆ, ಸಾಕಮ್ಮನ ಮನೆಗೆ. ಬಾಗಿಲಿಗೆ ಬೀಗವಿತ್ತು, ಬೆಳಗ್ಗೆ ಐದಕ್ಕೆ ಟಾಕೀಸಿಗೇ ಹೋಗಿ ಎಂದಳು.

ಇವರಿಬ್ಬರ ಪರಿಚಯ ಆದದ್ದು ವಠಾರದ ನಲ್ಲಿಯ ಸಾಲಿನಲ್ಲಿ. ಸಂಜೆ ಸಿನಿಮಾಕ್ಕೆ ಹೋಗುತ್ತೇನೆ ಎಂದು ಕೋಮಲಾ ಯಾರಿಗೋ ಹೇಳುತ್ತಿದ್ದಾಗ ಹಿಂದೆ ಬಿಂದಿಗೆ ಹಿಡಿದು ನಿಂತಿದ್ದ ಸಾಕಮ್ಮ, "ಬ್ಯಾಡ ಕಣಮ್ಮ, ದುಡ್ಡು ದಂಡ" ಎಂದರಂತೆ. ನೀವು ನೋಡಿದಿರಾ ಎಂದು ಕೋಮಲಾ ಕೇಳಿದ್ದಕ್ಕೆ, "ನೋಡಿಲ್ಲ, ಗುಡಿಸ್ದೆ" ಎಂದರಂತೆ. ಕೋಮಲಾ ನಕ್ಕು ಸಿನಿಮಾಕ್ಕೆ ಹೋದಳು. ಇಂಟರ್ವಲ್ಲಿಗೇ ಎದ್ದು ಬಂದಳು. ಮಾರನೆಯ ದಿನದಿಂದ ನಲ್ಲಿಯ ಸಾಲಿನಲ್ಲಿ ಸಾಕಮ್ಮನ ಹಿಂದೆಯೇ ನಿಲ್ಲತೊಡಗಿದಳು.

ಈಗ ಬಾಲ್ಕನಿಯಲ್ಲಿ ಹಿಂದಿನಿಂದ ಮೂರನೇ ಸಾಲು. ಸಾಕಮ್ಮ ಪೊರಕೆಯ ತುದಿಯಿಂದ ಒಂದು ಗುಡ್ಡೆ ತೋರಿಸುತ್ತಾರೆ. "ಇದು ಕಳ್ಳೇಕಾಯಿ ಸಿಪ್ಪೆ. ಒಂದೇ ಕಡೆ ಗುಡ್ಡೆ ಬಿದ್ದೈತಾ? ನಿಧಾನಕ್ಕೆ ತಿಂತಾ ನೋಡವ್ರೆ, ಪರ್ವಾಗಿಲ್ಲ ಅನ್ನಂಗೆ. ಹಿಟ್ಟು ಹಿಟ್ಟಾಗಿ ತುಳ್ದು ಇಟ್ಟವ್ರೆ ಅಂದ್ರೆ ಕೂರಕ್ಕಾಗ್ತಿಲ್ಲ, ಕಾಲು ಆಡಿಸ್ತಾ ಅವ್ರೆ. ಸುಲೀದೇ ಇರೋ ಕಾಯಿ ಇಡಿಯಾಗಿ ಬಿದ್ದಿದ್ರೆ ಮಾತ್ರ ಪಿಚ್ಚರ್ರು ಭಾರೀ ಐತೆ ಅಂತ. ಕೈ ಅಲ್ಲೇ ನಿಂತೋಗಿರ್ತದೆ, ಕಾಯಿ ಜಾರಿರ್ತದೆ, ಗೊತ್ತೇ ಆಗಿರಲ್ಲ."

ಟಿಕೆಟ್ಟಿನ ತುಂಡೂ ಅವರಿಗೆ ಸಾಕ್ಷಿ. ಸಣ್ಣಗೆ ಸುರುಳಿ ಸುತ್ತಿ ಕಿವಿ ಕೆರೆದುಕೊಂಡಿದ್ದರೆ ಬೇಜಾರು, ಚೂರು ಚೂರು ಹರಿದಿದ್ದರೆ ಸಿಟ್ಟು. ಹೆಂಗಸರ ಕಡೆಯ ಸಾಲುಗಳಲ್ಲಿ ಮಲ್ಲಿಗೆ. ಒಂದೊಂದೇ ಹೂ ಕಿತ್ತು ಉದುರಿಸಿದ್ದರೆ ಕಥೆ ಎಳೆದಿದೆ, ದಂಡೆ ಇಡಿಯಾಗಿ ಜಾರಿ ಬಿದ್ದಿದ್ದರೆ ಒಳ್ಳೆಯದು. ಅತಿ ದೊಡ್ಡ ಸಾಕ್ಷಿಯನ್ನು ಅವರು ನಗುತ್ತಾ ಹೇಳುತ್ತಾರೆ. ನಾನು ಅವರ ನಗು ನೋಡಿದ್ದು ಆಗಲೇ: "ಮಗಾ ಸೀಟ್ ತಾವೇ ಉಚ್ಚೆ ಹುಯ್ದಿದ್ರೆ ನೂರು ದಿನದ ಪಿಚ್ಚರ್ರು ಸಾರ್. ತಾಯಿ ಆಚೆಗೆ ಎತ್ಕಂಡು ಹೋಗಿಲ್ಲ ಅಲ್ವಾ?" ಶುಕ್ರವಾರದ ಮೊದಲ ಆಟದ ಕಸವನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅಭಿಮಾನಿಗಳು ತೂರಿದ ಕಾಗದ. "ಅವ್ರು ಒಳಕ್ಕೆ ಬರೋಕ್ ಮುಂಚೇನೇ ಚೆನ್ನಾಗೈತೆ ಅಂತ ತೀರ್ಮಾನ ಮಾಡ್ಕಂಡಿರ್ತಾರೆ."

ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಇಂಥ ಚೆಂದದ ಮಾತುಗಳನ್ನು ನಂಬಿ ಕೆಟ್ಟ ಅನುಭವ ನನಗೆ ಸಾಕಷ್ಟಿದೆ. ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೇ ಬಂದಿದ್ದೆ. ಹಿಂದಿನ ದಿನ, ಮಂಗಳವಾರ, ಸಂಜೆಯ ಆಟಕ್ಕೆ ಯಾರಿಗೂ ಹೇಳದೆ ಬಾಲ್ಕನಿಯ ಟಿಕೆಟ್ ಪಡೆದು ಕೂತಿದ್ದೆ. ಮೇಲೆ ಇದ್ದದ್ದು ಒಟ್ಟು ಹದಿನಾಲ್ಕು ಜನ. ಯಾರು ಯಾವಾಗ ಎದ್ದರು, ಯಾರು ನಕ್ಕರು, ಯಾರು ನಿದ್ದೆ ಹೊಡೆದರು ಎಲ್ಲವನ್ನೂ ಗುರುತು ಹಾಕಿಕೊಂಡೆ. ಜನ ಇಲ್ಲವೆಂದು ಅವತ್ತು ಬಾಲ್ಕನಿ ತೆರೆದದ್ದು ಆ ಒಂದೇ ಆಟಕ್ಕೆ; ಮುಂಚಿನ ಆಟಗಳಿಗೂ ರಾತ್ರಿಯ ಎರಡನೇ ಆಟಕ್ಕೂ ಬೀಗ. ಆದ್ದರಿಂದ ಈಗ ನೆಲದ ಮೇಲಿರುವುದು ನಾನು ಕಂಡ ಆ ಹದಿನಾಲ್ಕು ಜನರ ಕಸವೇ.

ಸಾಕಮ್ಮ ಹನ್ನೊಂದು ಜನರನ್ನು ಸರಿಯಾಗಿ ಹೇಳುತ್ತಾರೆ. ಗಂಡ ಹೆಂಡತಿ ಜಗಳವಾಡಿಕೊಂಡು ನಡುವೆ ಒಂದು ಸೀಟು ಬಿಟ್ಟು ಕೂತದ್ದನ್ನೂ ಹೇಳುತ್ತಾರೆ. ಆಮೇಲೆ ಐದನೇ ಸಾಲಿನ ಮೂಲೆಯ ಸೀಟಿನ ಮುಂದೆ ತಡೆಯುತ್ತಾರೆ. "ಇಲ್ಲಿ ಕೂತಿದ್ದೋನು ಪಿಚ್ಚರ್ ನೋಡಿಲ್ಲ. ಸಿಪ್ಪೆ ನೋಡಿ, ಮುಂದಕ್ಕೆ ಬಿದ್ದೇ ಇಲ್ಲ. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು, ಹಿಂದಕ್ಕೊಂದಿಷ್ಟು. ಜನಗೋಳ್ನ ನೋಡ್ತಾ ಕೂತವ್ನೆ. ಪೊಲೀಸ್ನೋನೋ, ಇಲ್ಲ ಹುಡುಗೀರ್ನ ನೋಡೋಕೆ ಬಂದೋನೋ." ಬಗ್ಗಿ ಒಂದು ನೀಲಿ ಪೆನ್ನಿನ ಮುಚ್ಚಳ ಎತ್ತುತ್ತಾರೆ. ಮುಚ್ಚಳವಿಲ್ಲದ ಪೆನ್ನು ನನ್ನ ಕೈಯಲ್ಲಿದೆ. ನಾನು ಅದನ್ನು ಮೆಲ್ಲಗೆ ಜೇಬಿಗೆ ಇಳಿಸುತ್ತೇನೆ, ಅವರು ಅದನ್ನೂ ನೋಡುತ್ತಾರೆ.

ಸಾಕಮ್ಮನಿಗೆ ಈಗ ಐವತ್ತೆರಡು. ಉದ್ದನಪಲ್ಲಿಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಹೊಸೂರಿಗೆ ಬಂದವರು. ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಗಂಡ ಬೆನ್ನು ಹಿಡಿದು ಕೆಲಸ ಬಿಟ್ಟು ಎರಡು ವರ್ಷವಾಯಿತು. ಒಲೆ ಉರಿಯುವುದು ಇವರ ಪೊರಕೆಯಿಂದಲೇ. ಟಾಕೀಸಿಗೆ ಸೇರಿ ಹದಿನೆಂಟು ವರ್ಷ. ಕೆಳಗೆ ನಾನೂರ ಇಪ್ಪತ್ತು ಸೀಟು, ಮೇಲೆ ನೂರ ಎಂಬತ್ತು. ಆಟದ ನಡುವೆ ವಾಚ್‌ಮನ್ ಬೋರಯ್ಯ ಓಡಾಡುವ ದಾರಿಯಲ್ಲಿ ಮಾತ್ರ ಪೊರಕೆ ಆಡಿಸುತ್ತಾನೆ. ಸೀಟಿನ ಕೆಳಗಿನದೆಲ್ಲ ಬೆಳಗಿನವರೆಗೆ ಇವರಿಗಾಗಿ ಕಾದಿರುತ್ತದೆ. ಐದಕ್ಕೆ ಶುರು ಮಾಡಿದರೆ ಒಂಬತ್ತರ ಒಳಗೆ ಆರುನೂರು ಸಲ ಬಗ್ಗಿ ಏಳಬೇಕು. ವಾರದ ದಿನ ನಾಲ್ಕು ಗೋಣಿಚೀಲ, ಭಾನುವಾರದ ಮಾರನೆಯ ದಿನ ಒಂಬತ್ತು. "ಬೇರೆ ಕೆಲ್ಸ ನೋಡ್ಕಳಿ ಅಂತಾರೆ ಎಲ್ರೂ. ಫ್ಯಾಕ್ಟ್ರಿನಾಗೆ ಮೂವತ್ತೈದು ದಾಟಿದೋರ್ನ ಗೇಟ್ನಾಗೇ ತಿರುಗಿಸಿ ಕಳಿಸ್ತಾರೆ" ಎನ್ನುತ್ತಾರೆ ಸಾಕಮ್ಮ.

ಈ ಕೆಲಸ ಈಗ ತೂಗುಯ್ಯಾಲೆಯಲ್ಲಿದೆ. ನನ್ನ ಜೇಬಿನ ಕಾಗದದಲ್ಲಿರುವ ಮೋಸವೂ ಅದೇ ಕಥೆಯ ಭಾಗ.

ಶುರುವಾದದ್ದು ವೆಂಕಿಯ ಬಾಯಿಯಿಂದ. ಎರಡು ತಿಂಗಳ ಹಿಂದೆ ಒಂದು ಸಿನಿಮಾವನ್ನು ಹೊಗಳುವ ಉತ್ಸಾಹದಲ್ಲಿ ಅವನು, "ಹೊಸೂರಿನ ಜನ ಕಡ್ಲೆಕಾಯಿ ಸುಲಿಯೋದನ್ನೂ ಮರ್ತು ನೋಡವ್ರೆ, ಸೀಟ್ ಕೆಳಗೆ ಕಾಯಿ ಇಡಿಯಾಗಿ ಬಿದ್ದಿದ್ವು" ಎಂದುಬಿಟ್ಟ. ಆ ಸಂಚಿಕೆ ಟಾಕೀಸಿನ ಮ್ಯಾನೇಜರ್ ರಾಮಕೃಷ್ಣಪ್ಪನವರ ಮೊಬೈಲಿಗೂ ಬಂತು. ರಾಮಕೃಷ್ಣಪ್ಪ ಹುಟ್ಟಾ ಅನುಮಾನದ ಮನುಷ್ಯ. ಟಿಕೆಟ್ ಹರಿಯುವವನ ಜೇಬನ್ನೂ ಕ್ಯಾಂಟೀನಿನ ಹಾಲನ್ನೂ ದಿನಕ್ಕೆರಡು ಸಲ ಪರೀಕ್ಷಿಸುವವರು. ಸೀಟಿನ ಕೆಳಗೆ ಏನು ಬಿದ್ದಿದೆ ಎಂದು ತಿಳಿದವರು ಇಡೀ ಹೊಸೂರಿನಲ್ಲಿ ಎಷ್ಟು ಜನ ಎಂದು ಅವರು ಯೋಚಿಸಿದರು. ಇಬ್ಬರು. ಬೋರಯ್ಯನಿಗೆ ಕಣ್ಣು ಮಂದ. ಉಳಿದದ್ದು ಒಬ್ಬರೇ.

ಹಿಡಿಯಬೇಕಲ್ಲ? ಮೂರು ವಾರದ ಹಿಂದೆ ಬಂದ ಸಿನಿಮಾ ಮೊದಲ ದಿನವೇ ನೆಲಕಚ್ಚಿತು. ಅಂದು ಕೊನೆಯ ಆಟ ಬಿಟ್ಟ ಮೇಲೆ ರಾಮಕೃಷ್ಣಪ್ಪ ಬೋರಯ್ಯನ ಕೈಲಿ ಸೀಟುಗಳ ಕೆಳಗಿನ ಕಸವನ್ನೆಲ್ಲ ತೆಗೆಸಿದರು. ಆಮೇಲೆ ಅರ್ಧ ಕೆ.ಜಿ. ಕಡಲೆಕಾಯಿ ತರಿಸಿ, ಇಬ್ಬರೂ ಸೇರಿ, ಬಿತ್ತನೆ ಮಾಡಿದ ಹಾಗೆ ಸಾಲು ಸಾಲಿಗೆ ಚೆಲ್ಲಿದರು. ಇದನ್ನು ನನಗೆ ಹೇಳಿದವನು ಬೋರಯ್ಯನೇ. "ಚೆಲ್ಲೋವಾಗ ನಂಗೆ ಒಂದು ತರಾ ಆಯ್ತು ಸಾರ್. ಆದ್ರೂ ಏನ್ ಮಾಡ್ಲಿ, ನಂದೂ ಕೆಲ್ಸ ಅಲ್ವಾ" ಎಂದು ಅವನು ನನ್ನ ಮುಖ ನೋಡದೆ ಹೇಳುತ್ತಾನೆ.

ಶನಿವಾರ ಬೆಳಗ್ಗೆ ಸಾಕಮ್ಮ ಬಗ್ಗಿ ನೋಡಿದರು. ಚೊಕ್ಕ ನೆಲ, ಅಲ್ಲಲ್ಲಿ ಇಡೀ ಕಾಯಿ. ಇಂಥ ನೆಲವನ್ನು ಅವರು ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ. ಮಧ್ಯಾಹ್ನ ನಲ್ಲಿಯ ಹತ್ತಿರ ಕೋಮಲಾಗೆ ಹೇಳಿದರು. ಸಂಜೆ 'ಇಂಟರ್ವಲ್ ಮಾತು' ಆ ಸಿನಿಮಾವನ್ನು ಹೊತ್ತು ಮೆರೆಸಿತು. ಭಾನುವಾರ ನಾಲ್ಕೂ ಆಟ ತುಂಬಿತು. ಹೊರಗೆ ಬಂದವರೆಲ್ಲ ಬೈಯುತ್ತಾ ಬಂದರು. ಸೋಮವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವೆಂಕಿಯ ತಟ್ಟೆಗೆ ಯಾರೋ ಖಾಲಿ ಕವರೊಂದನ್ನು ಇಟ್ಟು, "ಇದ್ರಾಗೆ ಎಷ್ಟು ಹಾಕ್ಕೊಟ್ರುಲಾ?" ಎಂದು ಕೇಳಿದರಂತೆ.

"ತಪ್ಪು ನಂದೇ" ಎನ್ನುತ್ತಾರೆ ಸಾಕಮ್ಮ. ಕೈಯ ಪೊರಕೆ ನಿಂತಿದೆ. "ನಮ್ ಟಾಕೀಸ್ ಮುಂದ್ಗಡೆ ಮಾರೋ ಕಾಯಿ ಮರಳಲ್ಲಿ ಹುರ್ದಿದ್ದು, ಸಿಪ್ಪೆ ಮೇಲೆ ಕರಿ ಚುಕ್ಕೆ ಇರ್ತದೆ. ಅವತ್ತು ಬಿದ್ದಿದ್ದು ಹಸೀ ಕಾಯಿ, ಅಂಗಡೀದು. ಕೈಗೆ ತಗಂಡೆ, ನೋಡ್ದೆ. ಯಾರೋ ಮನೆಯಿಂದ ತಂದವ್ರೆ ಅಂದ್ಕಂಡೆ. ಆರುನೂರು ಸೀಟ್ನೋರೂ ಒಂದೇ ದಿವ್ಸ ಮನೆಯಿಂದ ಹಸೀ ಕಾಯಿ ತತ್ತಾರಾ? ಯೋಚ್ನೆ ಬರ್ಲಿಲ್ಲ ನನ್ ತಲೆಗೆ. ಅನುಮಾನ ಪಡ್ಬೇಕಾದ ಜಾಗ್ದಾಗೆ ಪಡ್ಲಿಲ್ಲ." ಕಣ್ಣಲ್ಲಿ ನೀರು ತುಂಬಿದೆ, ಮಾತಿನಲ್ಲಿ ಮಾತ್ರ ಅಳುವಿಲ್ಲ. ಕೆಲಸದ ಭಯಕ್ಕಿಂತ ಮೋಸಹೋದ ನೋವೇ ದೊಡ್ಡದು ಎಂದು ನನಗೆ ಆ ಗಳಿಗೆಯಲ್ಲಿ ಅನ್ನಿಸುತ್ತದೆ. ನನ್ನ ಜೇಬಿನ ಕಾಗದದ ಬಗ್ಗೆ ನಾಚಿಕೆಯೂ ಆಗುತ್ತದೆ.

ರಾಮಕೃಷ್ಣಪ್ಪನವರನ್ನು ಅವರ ಕೋಣೆಯಲ್ಲಿ ಕಾಣುತ್ತೇನೆ. ಟಾಕೀಸಿನ ಹೆಸರು ಬರೆಯಬಾರದು ಎಂಬುದು ಅವರ ಮೊದಲ ಮಾತು. ಕೆಟ್ಟ ಮನುಷ್ಯನಂತೆ ಕಾಣುವುದಿಲ್ಲ. "ನೀವೇ ಹೇಳಿ ಸಾರ್, ನನ್ನ ಗಿರಾಕಿಯನ್ನ ವಾಪಸ್ ಕಳಿಸೋಕೆ ನನ್ನ ಸಂಬಳ ತಿನ್ನೋಳೇ ಬೇಕಾ? ಅವಳು ಸುಳ್ಳು ಹೇಳ್ತಿದ್ದಿದ್ರೆ ನಾನು ತಲೆಗೇ ಹಚ್ಕೋತಿರಲಿಲ್ಲ. ನಿಜ ಹೇಳ್ತಾಳಲ್ಲ, ಅದೇ ತೊಂದ್ರೆ." ಬಲೆ ಹಾಕಿದ್ದು ಕಳ್ಳರನ್ನು ಹಿಡಿಯಲೋ ಅಥವಾ ಭಾನುವಾರ ಸೀಟು ತುಂಬಿಸಲೋ ಎಂದು ಕೇಳುತ್ತೇನೆ. ಅವರು ಚಹಾ ಹೀರುತ್ತಾ, "ಎರಡೂ ಆಯ್ತಲ್ಲ, ಬಿಡಿ" ಎನ್ನುತ್ತಾರೆ. ಅವರನ್ನು ನಂಬಬೇಕೋ ಬೇಡವೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಬಲೆಗೆ ಬಿದ್ದ ಸಾಕಮ್ಮನನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಕಾಯಿ ಚೆಲ್ಲಿಸಿದ್ದು ತಾನೇ ಎಂದು ಕರೆದು ಹೇಳಿ, ಅದಕ್ಕಿಂತ ಬಿಗಿಯಾದ ಪಟ್ಟು ಹಾಕಿದರು. ಹುಡುಗರಿಗೆ ಹೇಳುವುದನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಇನ್ನು ಮೇಲೆ ಮ್ಯಾನೇಜರ್ ಹೇಳಿಕೊಟ್ಟದ್ದನ್ನು ಹೇಳಬೇಕು. ಈ ಶುಕ್ರವಾರ ಬರುವ ಸಿನಿಮಾದಿಂದಲೇ ಶುರು. ಆಗದಿದ್ದರೆ ಭಾನುವಾರದಿಂದ ಬರುವುದು ಬೇಡ. ಏನು ಹೇಳಬೇಕೆಂದೂ ಮೊದಲೇ ಹೇಳಿದ್ದಾರೆ: ಅಣ್ಣ ತಂಗಿಯ ಕಥೆ, ಹೆಂಗಸರು ಬಿಕ್ಕಿ ಬಿಕ್ಕಿ ಅತ್ತಿದ್ದಾರೆ. ಸಿನಿಮಾದ ಡಬ್ಬಿ ಆಗಿನ್ನೂ ಹೊಸೂರು ತಲುಪಿರಲಿಲ್ಲ.

ಗೆಳೆಯರಲ್ಲೂ ಇದರಿಂದ ಬಿರುಕು ಬಿದ್ದಿದೆ. ಪಾಡ್‌ಕಾಸ್ಟ್ ನಿಲ್ಲಿಸಿಬಿಡೋಣ, ಸಾಕಮ್ಮನ ಹೊಟ್ಟೆಪಾಡು ಮುಖ್ಯ ಎಂದು ತಿಮ್ಮರಾಜು. ನಿಲ್ಲಿಸಿದರೆ ನಾವು ದುಡ್ಡು ತಿಂದದ್ದು ನಿಜ ಅಂತಾಗುತ್ತದೆ ಎಂದು ವೆಂಕಿ. ಒಂದೇ ಸಲ ಮ್ಯಾನೇಜರ್ ಹೇಳಿದ್ದನ್ನೇ ಹೇಳಿ ಸಾಕಮ್ಮನನ್ನು ಉಳಿಸೋಣ ಎಂದು ಒಮ್ಮೆ ಬಾಯಿ ಜಾರಿದ ಕೋಮಲಾ, ಅವರು ನೋಡಿದ ನೋಟಕ್ಕೆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ಕೊನೆಗೆ ಮೂವರೂ ಒಂದಾಗಿ, ಮೊನ್ನೆಯ ತಪ್ಪನ್ನು ನಾವೇ ಹೊತ್ತುಕೊಳ್ಳುತ್ತೇವೆ, ನೋಡದೆ ಹೇಳಿದೆವು ಎಂದು ಕ್ಷಮೆ ಕೇಳುತ್ತೇವೆ, ನಿಮ್ಮ ಸುದ್ದಿಯೇ ಬೇಡ ಎಂದು ಹೇಳಿ ನೋಡಿದ್ದಾರೆ. ಸಾಕಮ್ಮ ಬಿಂದಿಗೆ ಎತ್ತಿಕೊಂಡು ನಲ್ಲಿಯ ಕಡೆ ನಡೆದಿದ್ದಾರೆ.

ಶನಿವಾರ ಮಧ್ಯಾಹ್ನ, ಕೋಮಲಾಳ ಕೋಣೆ. ನಲ್ಲಿಯ ಗಲಾಟೆ ಕೇಳಬಾರದೆಂದು ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದಾರೆ. ಚಾಪೆಯ ನಡುವೆ ಅಕ್ಕಿಯ ಡಬ್ಬ, ಡಬ್ಬದ ಮೇಲೆ ಮೊಬೈಲು. ಸುತ್ತ ಮೂವರು ಗೆಳೆಯರು, ಬಾಗಿಲ ಬಳಿ ನಾನು. ವೆಂಕಿ ಕ್ಷಮಾಪಣೆಯನ್ನು ಚೀಟಿಯಲ್ಲಿ ಬರೆದುಕೊಂಡು ಎರಡು ಸಲ ಓದಿ ನೋಡಿಕೊಂಡಿದ್ದಾನೆ. ರೆಕಾರ್ಡಿಂಗ್ ಒತ್ತುವ ಹೊತ್ತಿಗೆ ಸಾಕಮ್ಮ ಬಂದು ಚಾಪೆಯ ಮೇಲೆ ಕೂರುತ್ತಾರೆ. "ಈ ವಾರ ನಾನು ಹೇಳ್ತೀನಿ. ಎಲ್ಲಿಗೆ ಮಾತಾಡ್ಬೇಕು?" ಎನ್ನುತ್ತಾರೆ.

ಹಿಂದಿನ ಸಂಜೆ ಅವರು ಮ್ಯಾನೇಜರ್ ಕೋಣೆಯಿಂದ ಹೊರಬರುವುದನ್ನು ನಾನು ಕಂಡಿದ್ದೆ, ಅರ್ಧ ಗಂಟೆ ಒಳಗಿದ್ದರು. ಹೊಟ್ಟೆಪಾಡಿಗೆ ಒಪ್ಪಿಕೊಂಡರೇ? ಒಪ್ಪಿಕೊಂಡರೆ ನಾನು ಯಾವ ಮುಖದಿಂದ ತಪ್ಪೆನ್ನಲಿ? ವೆಂಕಿ ಮೊಬೈಲನ್ನು ಅವರ ಕಡೆಗೆ ಸರಿಸುತ್ತಾನೆ. ಸಾಕಮ್ಮ ಹೊಲದಾಚೆ ಇರುವವರನ್ನು ಕರೆಯುವ ದನಿಯಲ್ಲಿ ಶುರು ಮಾಡುತ್ತಾರೆ.

"ನಾನು ಸಾಕಮ್ಮ. ಟಾಕೀಸ್ ಗುಡ್ಸೋಳು. ಈ ಹುಡುಗ್ರು ಪಿಚ್ಚರ್ ಬಗ್ಗೆ ಹೇಳ್ತಿದ್ರಲ್ಲ, ಅದ್ರಾಗೆ ಅರ್ಧ ನಾನು ಹೇಳ್ಕೊಟ್ಟಿದ್ದು, ಕಸ ನೋಡಿ. ಮೂರು ವಾರದ ಹಿಂದೆ ಒಂದು ಪಿಚ್ಚರ್ ಚೆನ್ನಾಗೈತೆ ಅಂದ್ರಲ್ಲ, ಅದೂ ನಾನೇ. ನೆಲಕ್ಕೆ ಬೇಕೂ ಅಂತ ಕಳ್ಳೇಕಾಯಿ ಚೆಲ್ಲಿದ್ರು, ನಂಗೆ ಗೊತ್ತಾಗ್ಲಿಲ್ಲ. ಇವ್ರು ಯಾರ ತಾವೂ ದುಡ್ಡು ಈಸ್ಕಂಡಿಲ್ಲ. ಬೈಯೋದಾದ್ರೆ ನನ್ನ ಬೈರಿ. ಈ ವಾರದ್ದು..." ಇಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ. ಕೋಮಲಾ ಅವರ ಮೊಣಕೈ ಹಿಡಿಯುತ್ತಾಳೆ. "ಈ ವಾರದ್ದು ಹೆಂಗಸ್ರು ಅತ್ರು ಅಂತ ಹೇಳು ಅಂದವ್ರೆ. ಅತ್ತ ಗುರ್ತು ಒಂದೂ ಇಲ್ಲ. ಹೆಂಗಸ್ರ ಸಾಲ್ನಾಗೆ ಮಲ್ಗೆ ಹೂವ ಒಂದೊಂದೇ ಕಿತ್ತು ಉದುರಿಸವ್ರೆ, ಮೂರು ಮೊರ ತುಂಬ್ತು. ಹೋಗ್ಬ್ಯಾಡಿ. ದುಡ್ಡಿದ್ರೆ ಮಕ್ಳಿಗೆ ಏನಾನ ತಕ್ಕೊಡಿ."

ವೆಂಕಿ ತನ್ನ ಚೀಟಿ ಮಡಚುತ್ತಾನೆ. ಹೆಸರಿನ ಭಾಗ ಕತ್ತರಿಸಿಬಿಡಲೇ, ಅದು ಸುಲಭ ಎಂದು ಕೋಮಲಾ ಎರಡು ಸಲ ಕೇಳುತ್ತಾಳೆ. ಸಾಕಮ್ಮ ಎರಡು ಸಲವೂ ಬೇಡ ಎನ್ನುತ್ತಾರೆ. ಸಂಜೆ ಆರಕ್ಕೆ ಕಾರ್ಖಾನೆಯ ಗೇಟಿನಲ್ಲಿ ಮೊಬೈಲುಗಳು ಒಂದಕ್ಕೊಂದು ಮುಖ ಮಾಡಿ ನಿಲ್ಲುತ್ತವೆ. ರಾಮಕೃಷ್ಣಪ್ಪನವರಿಗೂ ಅದು ತಲುಪಿರಬೇಕು ಎಂದು ನನ್ನ ಊಹೆ.

ಭಾನುವಾರ ಬೆಳಗ್ಗೆ ಐದಕ್ಕೆ ನಾನು ಟಾಕೀಸಿನ ಎದುರಿನ ಟೀ ಅಂಗಡಿಯಲ್ಲಿದ್ದೇನೆ. ಸಾಕಮ್ಮ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತಾರೆ, ಎಂದಿನ ಹೊತ್ತಿಗೇ, ತಲೆಗೆ ಟವೆಲ್ ಸುತ್ತಿಕೊಂಡೇ. ಗೇಟಿನಲ್ಲಿ ಬೋರಯ್ಯನ ಪಕ್ಕ ಸ್ವತಃ ರಾಮಕೃಷ್ಣಪ್ಪ ನಿಂತಿದ್ದಾರೆ, ಮಂಕಿ ಕ್ಯಾಪ್ ಹಾಕಿಕೊಂಡು. ಈ ಹೊತ್ತಿನಲ್ಲಿ ಅವರನ್ನು ಇಲ್ಲಿ ಯಾರೂ ಕಂಡದ್ದಿಲ್ಲ ಎಂದು ಟೀ ಅಂಗಡಿಯವನು ಹೇಳುತ್ತಾನೆ. ನಾನು ಲೋಟ ಇಟ್ಟು ಹತ್ತಿರ ಹೋಗುತ್ತೇನೆ.

ಮ್ಯಾನೇಜರ್ ಕಿರುಚುವುದಿಲ್ಲ. ಬೆಳಗ್ಗೆ ಹತ್ತೂವರೆಗೆ ಆಟವಿದೆ, ಒಳಗೆ ಆರುನೂರು ಸೀಟಿನ ಕಸವಿದೆ, ಭಾನುವಾರ ಬೇರೆ ಯಾರೂ ಸಿಗುವುದಿಲ್ಲ. ಇದು ಅವರಿಗೂ ಗೊತ್ತು, ಸಾಕಮ್ಮನಿಗೂ ಗೊತ್ತು. ನನ್ನನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿ ರಾಮಕೃಷ್ಣಪ್ಪ, "ಕೆಲಸ ಇರುತ್ತೆ ಸಾಕಮ್ಮ. ನಾನು ಹೇಳ್ಕೊಟ್ಟಿದ್ದೂ ಬೇಡ, ಏನೂ ಬೇಡ. ಒಂದೇ ಕಂಡೀಷನ್ನು. ಬೋರಯ್ಯ ಜತೇಲಿ ಬರ್ತಾನೆ. ನೀನು ಗುಡಿಸ್ಕೊಂಡು ಹೋಗು ಅಷ್ಟೇ, ಕೆಳಗೆ ಏನು ಬಿದ್ದಿದೆ ಅಂತ ನೋಡೋ ಹಾಗಿಲ್ಲ" ಎನ್ನುತ್ತಾರೆ.

ಸಾಕಮ್ಮ ಬೋರಯ್ಯನ ಕೈಯಿಂದ ಪೊರಕೆ ತೆಗೆದುಕೊಂಡು, ಅಂಗೈಗೆ ಎರಡು ಸಲ ಕುಟ್ಟಿ ಕಡ್ಡಿ ಸಮ ಮಾಡಿಕೊಳ್ಳುತ್ತಾರೆ.

"ನೋಡ್ದೆ ಗುಡ್ಸೋಕೆ ನಂಗೆ ಬರಲ್ಲ ಸಾರ್" ಎಂದು ಹೇಳಿ ಒಳಗೆ ಹೋಗುತ್ತಾರೆ.